ಹೈಬ್ರಿಡ್ ಕಾರು ನಮ್ಮ ಡ್ರೈವಿಂಗ್ ನೋಡಿ ಕಲಿಯತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೈಬ್ರಿಡ್ ಕಾರಿನ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಎಲೆಕ್ಟ್ರಿಕ್ ಮೋಟರೂ ಇರೋ ಕಾರು) ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ವಿ. ಬಂದಿದ್ದರಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ವು, ಈ ಗಾಡಿ ನಮ್ಮ ಕಾಲಿನ ಅಭ್ಯಾಸ ಕಲಿಯತ್ತಾ, ರೋಡು ಹವಾಮಾನ ನೋಡಿ ತಾನೇ ಬದಲಾಗತ್ತಾ ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ಹೊಸ ಹೈಬ್ರಿಡ್ ಕಾರು ತಗೊಂಡಿದೀವಿ. ಶೋರೂಮಿನವರು "ಮೊದಲ ಒಂದೆರಡು ತಿಂಗಳು ಮೈಲೇಜ್ ಕಮ್ಮಿ ಇರತ್ತೆ, ಆಮೇಲೆ ಗಾಡಿ ನಿಮ್ಮ ಡ್ರೈವಿಂಗ್ ಕಲಿತುಕೊಂಡು ತಾನೇ ಸೆಟ್ ಆಗತ್ತೆ" ಅಂದ್ರು. ಇದು ನಿಜಾನಾ ಅಥವಾ ಮಾರೋಕೆ ಹೇಳೋ ಮಾತಾ?

ಮೈಲೇಜ್ ಆಮೇಲೆ ಸುಧಾರಿಸತ್ತೆ ಅನ್ನೋದು ಎಷ್ಟೋ ಸಲ ನಿಜಾನೇ, ಅವರು ಕೊಟ್ಟ ಕಾರಣ ಮಾತ್ರ ಸರಿ ಇಲ್ಲ. ನೀವು ಪೆಡಲ್ ಮೇಲೆ ಕಾಲಿಟ್ಟ ಕ್ಷಣದಿಂದ ಕಾರಿನ ಕಂಟ್ರೋಲ್ ಕಂಪ್ಯೂಟರ್ ಲೆಕ್ಕ ಹಾಕ್ತಾನೇ ಇರತ್ತೆ, ಪೆಡಲ್ ಎಷ್ಟು ಒತ್ತಿದೀರಿ, ಎಷ್ಟು ಬೇಗ ಒತ್ತಿದ್ರಿ, ಸ್ಪೀಡ್ ಎಷ್ಟಿದೆ, ಬ್ಯಾಟರಿಲಿ ಎಷ್ಟು ಚಾರ್ಜ್ ಉಳಿದಿದೆ, ಬ್ಯಾಟರಿ ಎಷ್ಟು ಬಿಸಿ ಆಗಿದೆ, ಇಂಜಿನ್ ಎಷ್ಟು ಬಿಸಿ ಆಗಿದೆ, ಎಸಿ ಎಷ್ಟು ಕರೆಂಟ್ ಎಳೀತಿದೆ, ಇದನ್ನೆಲ್ಲ ಸೆಕೆಂಡಿಗೆ ಎಷ್ಟೋ ಸಲ ಓದಿ ಈ ಕ್ಷಣಕ್ಕೆ ಇಂಜಿನ್ನಿಂದ ಎಷ್ಟು ಶಕ್ತಿ ಬೇಕು, ಮೋಟರ್‌ನಿಂದ ಎಷ್ಟು ಬೇಕು, ಇಲ್ಲಾ ಇಂಜಿನ್ ಆಫ್ ಆಗಿದ್ರೂ ನಡೆಯತ್ತಾ ಅಂತ ತೀರ್ಮಾನ ಮಾಡತ್ತೆ. ಆ ತೀರ್ಮಾನದ ಸೂತ್ರ ಕಂಪನಿಯ ಇಂಜಿನಿಯರುಗಳು ಮೊದಲೇ ಬರೆದಿಟ್ಟಿರೋದು. ನಿನ್ನೆ ನೀವು ಹೇಗೆ ಓಡಿಸಿದ್ರಿ ಅನ್ನೋದು ಆ ಲೆಕ್ಕಕ್ಕೆ ಹೆಚ್ಚುಕಮ್ಮಿ ಬರೋದೇ ಇಲ್ಲ, ಈಗ ಹೇಗೆ ಓಡಿಸ್ತಿದೀರಿ ಅನ್ನೋದಷ್ಟೇ ಮುಖ್ಯ.

ಇಷ್ಟು ಚೆನ್ನಾಗಿ ಹೊಂದಿಕೊಳ್ಳೋಕೆ ಆಗೋದು ಗಾಡಿ ಒಳಗಿನ ಜೋಡಣೆಯಿಂದ. 1997ರ ಡಿಸೆಂಬರಲ್ಲಿ ಜಪಾನಲ್ಲಿ ಬಿಡುಗಡೆಯಾದ ಮೊದಲ ಟೊಯೊಟಾ ಪ್ರಿಯಸ್‌ನಲ್ಲೇ ಈ ಜೋಡಣೆ ಇತ್ತು. ಒಂದು ಪೆಟ್ರೋಲ್ ಇಂಜಿನ್, ಎರಡು ಎಲೆಕ್ಟ್ರಿಕ್ ಮೋಟರ್, ಮೂರನ್ನೂ ಸೇರಿಸೋ ಒಂದು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಹಲ್ಲುಚಕ್ರದ ಸುತ್ತ ಚಿಕ್ಕ ಹಲ್ಲುಚಕ್ರಗಳು ಸುತ್ತೋ ಜೋಡಣೆ). ಮಾಮೂಲಿ ಕಾರಲ್ಲಿ ಗೇರ್ ಯಾವುದಿದೆ ಅನ್ನೋದರ ಮೇಲೆ ಚಕ್ರದ ವೇಗಕ್ಕೆ ಇಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಕಟ್ಟುಬಿದ್ದಿರತ್ತೆ. ಇಲ್ಲಿ ಹಾಗಲ್ಲ, ಸಣ್ಣ ಮೋಟರ್ ತನ್ನ ಸ್ಪೀಡ್ ಏರಿಸಿ ಇಳಿಸಿ ಇಂಜಿನ್ನನ್ನ ತನಗೆ ಬೇಕಾದ ಆರ್‌ಪಿಎಂನಲ್ಲಿ ಇಡತ್ತೆ. ಹಾಗಾಗಿ ನೀವು ನಿಧಾನಕ್ಕೆ ಹೋಗ್ತಿದ್ರೂ ಏರು ಹತ್ತುತಿದ್ರೂ, ಆಗುವಷ್ಟು ಮಟ್ಟಿಗೆ ಇಂಜಿನ್ ಕಮ್ಮಿ ಪೆಟ್ರೋಲಲ್ಲಿ ಹೆಚ್ಚು ಕೆಲಸ ಮಾಡೋ ಜಾಗದಲ್ಲೇ ಇರತ್ತೆ. ಜಾಸ್ತಿ ಆದ ಶಕ್ತಿ ಬ್ಯಾಟರಿಗೆ ಹೋಗತ್ತೆ, ಕಮ್ಮಿ ಬಿದ್ದಿದ್ದು ಬ್ಯಾಟರಿಯಿಂದ ಬರತ್ತೆ.

ಹಾಗಂತ ಕಾರು ಏನೂ ಕಲಿಯೋದೇ ಇಲ್ಲ ಅಂತಲ್ಲ. ಇಂಜಿನ್‌ಗೆ ಎಷ್ಟು ಪೆಟ್ರೋಲ್ ಬಿಡಬೇಕು ಅನ್ನೋ ತಿದ್ದುಪಡಿ, ಅಂದ್ರೆ ಫ್ಯೂಯೆಲ್ ಟ್ರಿಮ್, ಅದನ್ನ ಆಕ್ಸಿಜನ್ ಸೆನ್ಸರ್ ನೋಡಿ ಕಲಿತು ನೆನಪಿಟ್ಟುಕೊಳ್ಳತ್ತೆ (ಇದು ಮಾಮೂಲಿ ಪೆಟ್ರೋಲ್ ಕಾರಲ್ಲೂ ಇದೆ). ಕ್ಲಚ್ ಮತ್ತು ಗೇರ್‌ಬಾಕ್ಸ್ ಇರೋ ಹೈಬ್ರಿಡ್‌ಗಳಲ್ಲಿ ಕ್ಲಚ್ ಎಲ್ಲಿ ಹಿಡಿಯತ್ತೆ ಅನ್ನೋದನ್ನ ಕಲಿಯತ್ತೆ. ಬ್ಯಾಟರಿ ಹಳೇದಾಗ್ತಾ ಹೋದ ಹಾಗೆ ಅದರ ಸಾಮರ್ಥ್ಯ ಎಷ್ಟಿದೆ ಅನ್ನೋ ಅಂದಾಜನ್ನ ತಿದ್ದಿಕೊಳ್ಳತ್ತೆ. ಇನ್ನೂ ಎಷ್ಟು ಕಿಲೋಮೀಟರ್ ಹೋಗಬಹುದು ಅಂತ ಮೀಟರಲ್ಲಿ ತೋರಿಸತ್ತಲ್ಲ, ಅದು ಮಾತ್ರ ನಿಮ್ಮ ಇತ್ತೀಚಿನ ಸರಾಸರಿ ನೋಡಿ ಹೇಳೋದು. ಗಮನಿಸಿ, ಇದರಲ್ಲಿ ಮುಕ್ಕಾಲು ಪಾಲು ಗಾಡಿ ತನ್ನ ಬಗ್ಗೆ ತಾನೇ ಕಲಿಯೋದು, ನಿಮ್ಮ ಬಗ್ಗೆ ಅಲ್ಲ.

ಹೊಸ ಗಾಡಿ ಮೈಲೇಜ್ ಒಂದೆರಡು ತಿಂಗಳಲ್ಲಿ ಏರೋದು ಯಾಕೆ ಅಂದ್ರೆ, ಹೊಸ ಟೈರು ಮತ್ತೆ ಇಂಜಿನ್ ಒಳಗಿನ ಭಾಗಗಳು ಸ್ವಲ್ಪ ಓಡಿದ ಮೇಲೆ ಸಲೀಸಾಗಿ ತಿರುಗ್ತವೆ, ಜೊತೆಗೆ ನೀವು ಮೀಟರ್ ನೋಡ್ತಾ ನೋಡ್ತಾ ಯಾವ ಒತ್ತಿಗೆ ಇಂಜಿನ್ ಎದ್ದೇಳತ್ತೆ ಅಂತ ತಿಳ್ಕೊಂಡಿರ್ತೀರಿ. ಈ ಎರಡನೇದೇ ದೊಡ್ಡದು. 2009ರಲ್ಲಿ ಬಂದ ಎರಡನೇ ತಲೆಮಾರಿನ ಹೋಂಡಾ ಇನ್‌ಸೈಟ್‌ನಲ್ಲಿ ನೀವು ಹಗುರವಾಗಿ ಓಡಿಸಿದ್ರೆ ಸ್ಪೀಡೋಮೀಟರ್ ಹಿಂದಿನ ಬಣ್ಣ ನೀಲಿಯಿಂದ ಹಸಿರಿಗೆ ತಿರುಗ್ತಿತ್ತು, ಎಲೆಗಳ ಚಿತ್ರದಲ್ಲಿ ಅಂಕ ಸಿಗ್ತಿತ್ತು. ಡ್ರೈವರ್‌ಗೆ ಕಲಿಸಿದ್ರೆ ಎಷ್ಟು ಉಳಿಯತ್ತೆ ಅಂತ ಕಂಪನಿಯವರಿಗೆ ಆಗಲೇ ಗೊತ್ತಿತ್ತು.

ಪ್ರಶ್ನೆ: ನಾನೂ ನನ್ನ ಹೆಂಡತಿನೂ ಒಂದೇ ಕಾರು ಓಡಿಸ್ತೀವಿ, ಒಂದೇ ರೋಡು, ಅವಳಿಗೆ ಯಾವಾಗ್ಲೂ ನನಗಿಂತ ಮೈಲೇಜ್ ಜಾಸ್ತಿ. ಇಬ್ಬರು ಓಡಿಸೋದರಿಂದ ಕಾರಿಗೆ ಗೊಂದಲ ಆಗ್ತಿದೆಯಾ?

ಗೊಂದಲ ಏನಿಲ್ಲ. ಮೇಲೆ ಹೇಳಿದ ಹಾಗೆ ಗಾಡಿ ಆ ಕ್ಷಣದ ಕಾಲನ್ನ ನೋಡತ್ತೆ, ಯಾರ ಕಾಲು ಅಂತ ನೋಡಲ್ಲ. ವ್ಯತ್ಯಾಸ ಇಬ್ಬರ ಡ್ರೈವಿಂಗಲ್ಲೇ ಇದೆ, ಅದರಲ್ಲೂ ನನಗೆ ಅನಿಸೋದು ಬ್ರೇಕಲ್ಲಿ. ಆಕ್ಸಿಲರೇಟರ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ಬ್ರೇಕ್ ಬಗ್ಗೆ ಯಾರೂ ಯೋಚನೆ ಮಾಡಲ್ಲ.

ಒಂದು ಲೆಕ್ಕ ನೋಡೋಣ. ಜನ ಕೂತ ಕಾರು 1500 ಕೆಜಿ, 60 ಕಿಮೀ ಸ್ಪೀಡಲ್ಲಿ ಹೋಗ್ತಿದೆ ಅಂತಿಟ್ಕೊಳ್ಳಿ. ಆ ಓಟದಲ್ಲಿ ಸುಮಾರು 208 ಕಿಲೋಜೂಲ್ ಶಕ್ತಿ ಇರತ್ತೆ. ದೂರದಿಂದಲೇ ಕೆಂಪು ಸಿಗ್ನಲ್ ನೋಡಿ 10 ಸೆಕೆಂಡಲ್ಲಿ ನಿಲ್ಲಿಸಿದ್ರೆ ಸರಾಸರಿ ಸುಮಾರು 21 ಕಿಲೋವ್ಯಾಟ್ ದರದಲ್ಲಿ ಆ ಶಕ್ತಿ ಎಲ್ಲಿಗಾದ್ರೂ ಹೋಗಬೇಕು. ಹತ್ತಿರ ಬಂದು 4 ಸೆಕೆಂಡಲ್ಲಿ ಗಕ್ಕನೆ ನಿಲ್ಲಿಸಿದ್ರೆ 52 ಕಿಲೋವ್ಯಾಟ್. ಈಗ ಮೂರನೇ ತಲೆಮಾರಿನ ಪ್ರಿಯಸ್ ಬ್ಯಾಟರಿ ತಗೊಳ್ಳಿ, ಅದು ಕೊಡಬಲ್ಲ ಪವರ್ 27 ಕಿಲೋವ್ಯಾಟ್, ಒಳಗೆ ತಗೊಳ್ಳೋದೂ ಹೆಚ್ಚುಕಮ್ಮಿ ಅದೇ ಮಟ್ಟದಲ್ಲಿ. ಮೊದಲನೇ ತರ ನಿಲ್ಲಿಸಿದ್ರೆ ಬಹುಪಾಲು ವಾಪಸ್ ಬ್ಯಾಟರಿಗೆ ಹೋಗತ್ತೆ. ಎರಡನೇ ತರ ನಿಲ್ಲಿಸಿದ್ರೆ ಬ್ಯಾಟರಿ ಹಿಡಿಯೋದು ಅರ್ಧದಷ್ಟು, ಉಳಿದಿದ್ದನ್ನ ಡಿಸ್ಕ್ ಬ್ರೇಕ್ ಬಿಸಿ ಮಾಡಿ ಗಾಳಿಗೆ ಬಿಡತ್ತೆ. ನಿಮ್ಮ ಕಾಲಿಗೆ ಇದು ಗೊತ್ತೇ ಆಗಲ್ಲ ಯಾಕಂದ್ರೆ ಪೆಡಲ್ ಬರೀ ಕೋರಿಕೆ ಕಳಿಸತ್ತೆ, ಮೋಟರ್ ಎಷ್ಟು ಹಿಡೀಬೇಕು ಡಿಸ್ಕ್ ಎಷ್ಟು ಹಿಡೀಬೇಕು ಅಂತ ಬ್ರೇಕ್ ಕಂಪ್ಯೂಟರ್ ಹಂಚಿಕೊಡತ್ತೆ. ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಕೆಲಸ ಮಾಡೋ ಅಂಥ ತುರ್ತು ಬ್ರೇಕಲ್ಲೂ, ಇನ್ನೇನು ನಿಂತೇ ಹೋಗತ್ತೆ ಅನ್ನೋ ಕೊನೇ ಸ್ವಲ್ಪ ದೂರದಲ್ಲೂ ಡಿಸ್ಕೇ ಮುಖ್ಯ.

ನಿಮ್ಮ ಹೆಂಡತಿ ಬಹುಶಃ ಮುಂದಿನ ಗಾಡಿಗೆ ಜಾಗ ಬಿಟ್ಟು, ಮೊದಲೇ ಕಾಲು ತೆಗೆದು, ಉದ್ದಕ್ಕೆ ಮೆಲ್ಲಗೆ ಬ್ರೇಕ್ ಹಿಡೀತಾರೆ. ಒಂದು ದಿನ ಪಕ್ಕದಲ್ಲಿ ಕೂತು ಅವರ ಕಾಲನ್ನೂ ಎನರ್ಜಿ ಮೀಟರ್ ಮುಳ್ಳನ್ನೂ ನೋಡಿ, ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಆಗತ್ತೆ.

ಪ್ರಶ್ನೆ: ಬೆಳಿಗ್ಗೆ ಬ್ಯಾಟರಿ ಚೆನ್ನಾಗೇ ಚಾರ್ಜ್ ಇದ್ರೂ ಗಾಡಿ ಆನ್ ಮಾಡಿದ ಕೂಡಲೇ ಇಂಜಿನ್ ಶುರು ಆಗತ್ತೆ, ಇವಿ ಬಟನ್ (ಬರೀ ಕರೆಂಟಲ್ಲಿ ಓಡಿಸೋದು) ಒತ್ತಿದ್ರೂ ಆಗಲ್ಲ ಅಂತ ಮೆಸೇಜ್ ಬರತ್ತೆ. ಸಂಜೆ ಹಾಗಾಗಲ್ಲ. ಏನಾದ್ರೂ ಕಂಪ್ಲೇಂಟಾ?

ಕಂಪ್ಲೇಂಟ್ ಅಲ್ಲ, ಅದು ಗಾಡಿ ಸರಿಯಾಗಿ ಕೆಲಸ ಮಾಡ್ತಿರೋ ಲಕ್ಷಣ. ಹೊಗೆ ಕೊಳವೆಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಿದ್ರೆ ಹೊಗೆಯಲ್ಲಿರೋ ವಿಷ ಅನಿಲಗಳನ್ನ ಅದು ಶುದ್ಧ ಮಾಡಲ್ಲ, ಕೆಲವು ನೂರು ಡಿಗ್ರಿ ಬಿಸಿ ಆದ ಮೇಲೇ ಅದರ ಕೆಲಸ ಶುರು. ಅದಕ್ಕೆ ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಕಂಪ್ಯೂಟರ್ ಮೊದಲು ಇಂಜಿನ್ ಓಡಿಸಿ ಕನ್ವರ್ಟರ್ ಬಿಸಿ ಮಾಡ್ಕೊಳ್ಳತ್ತೆ, ಆಗ ಇಂಜಿನ್ ಮೇಲೆ ಜಾಸ್ತಿ ಭಾರ ಹಾಕದೆ ಮೋಟರ್‌ನಿಂದ ಗಾಡಿ ಎಳೆಸೋಕೆ ನೋಡತ್ತೆ. ಸಂಜೆ ನೀವು ಹೊರಡೋ ಹೊತ್ತಿಗೆ ಬೆಳಗಿನ ಬಿಸಿ ಸ್ವಲ್ಪ ಉಳಿದಿರಬಹುದು, ಹೊರಗಿನ ಹವೆನೂ ಬೆಚ್ಚಗಿರತ್ತೆ, ಅದಕ್ಕೆ ಬೇಗ ಸುಮ್ಮನಾಗತ್ತೆ.

ಚಳಿ ಪ್ರದೇಶದಲ್ಲಿ ಇದು ಇನ್ನೂ ಜಾಸ್ತಿ. ಒಳಗೆ ಹೀಟರ್ ಹಾಕಿದ್ರೆ ಆ ಬಿಸಿ ಬರೋದು ಸಾಮಾನ್ಯವಾಗಿ ಇಂಜಿನ್ ಕೂಲಂಟಿಂದ (ಇಂಜಿನ್ ತಂಪು ಮಾಡೋ ದ್ರವ), ಹಾಗಾಗಿ ಟ್ರಾಫಿಕಲ್ಲಿ ಸುಮ್ಮನೆ ನಿಂತಿದ್ರೂ ಇಂಜಿನ್ ಓಡ್ತಿರತ್ತೆ. ಚಳಿಗೆ ಬ್ಯಾಟರಿನೂ ಕರೆಂಟ್ ಕೊಡೋದು ತಗೊಳ್ಳೋದು ಎರಡನ್ನೂ ಕಮ್ಮಿ ಮಾಡತ್ತೆ. ಮೂರನೇ ತಲೆಮಾರಿನ ಪ್ರಿಯಸ್‌ನಲ್ಲಿ ಹೊಗೆಯ ಬಿಸಿಯನ್ನೇ ಹಿಡಿದು ಕೂಲಂಟ್ ಕಾಯಿಸೋ ವ್ಯವಸ್ಥೆ ಇಟ್ಟಿದ್ದು ಇದೇ ಕಾರಣಕ್ಕೆ, ಇಂಜಿನ್ ಬೇಗ ಬಿಸಿ ಆದಷ್ಟೂ ಬೇಗ ಆಫ್ ಮಾಡಬಹುದು.

ಇದರಿಂದ ನಿಮಗೆ ಉಪಯೋಗ ಆಗೋ ವಿಷಯ ಒಂದಿದೆ. ಒಂದೊಂದು ಎರಡೆರಡು ಕಿಲೋಮೀಟರಿನ ಚಿಕ್ಕ ಓಡಾಟ ಮಾಡಿ ಪ್ರತಿ ಸಲ ಗಾಡಿ ಪೂರ್ತಿ ತಣ್ಣಗಾಗೋಕೆ ಬಿಟ್ರೆ ಹೈಬ್ರಿಡ್‌ನ ಲಾಭ ಸಿಗೋದೇ ಇಲ್ಲ, ಬಿಸಿ ಮಾಡೋದರಲ್ಲೇ ಪೆಟ್ರೋಲ್ ಹೋಗತ್ತೆ. ಇರೋ ಕೆಲಸಗಳನ್ನ ಒಂದೇ ಸುತ್ತಲ್ಲಿ ಮುಗಿಸಿ.

ಪ್ರಶ್ನೆ: ಸಿಗ್ನಲಲ್ಲಿ ನ್ಯೂಟ್ರಲ್‌ಗೆ ಹಾಕ್ಬೇಕಾ?

ಬೇಡ. ಟೊಯೊಟಾ ಮಾದರಿಯ ಹೈಬ್ರಿಡ್‌ಗಳಲ್ಲಿ ಎನ್‌ನಲ್ಲಿ ಇಟ್ರೆ ಇಂಜಿನ್ ಓಡಿದ್ರೂ ಬ್ಯಾಟರಿ ಚಾರ್ಜ್ ಆಗಲ್ಲ, ಜಾಸ್ತಿ ಹೊತ್ತು ಬಿಟ್ರೆ ಚಾರ್ಜ್ ಇಳಿದುಹೋಗತ್ತೆ. ಡಿ ನಲ್ಲೇ ಇಟ್ಟು ಬ್ರೇಕ್ ಹಿಡೀರಿ, ಜಾಸ್ತಿ ಹೊತ್ತು ನಿಲ್ಲೋದಾದ್ರೆ ಪಿ ಗೆ ಹಾಕಿ.

ಪ್ರಶ್ನೆ: ಉದ್ದದ ಘಾಟಿ ಇಳಿಯುವಾಗ ಒಂದು ಹಂತ ಆದ ಮೇಲೆ ಇಂಜಿನ್ ತಾನಾಗೇ ಜೋರಾಗಿ ಕೂಗೋಕೆ ಶುರು ಮಾಡತ್ತೆ, ನಾನು ಆಕ್ಸಿಲರೇಟರ್ ಮುಟ್ಟೇ ಇರಲ್ಲ. ಭಯ ಆಗತ್ತೆ. ಇಳಿಜಾರಲ್ಲಿ ಪೆಟ್ರೋಲ್ ಸುಡ್ತಿದೆಯಾ?

ಭಯ ಬೇಡ, ಪೆಟ್ರೋಲೂ ಸುಡ್ತಿಲ್ಲ. ಬ್ಯಾಟರಿ ತುಂಬಿದೆ, ಅಷ್ಟೇ. ಹೈಬ್ರಿಡ್ ಬ್ಯಾಟರಿ ನಾವು ಅಂದ್ಕೊಂಡಷ್ಟು ದೊಡ್ಡದಲ್ಲ, ಮೂರನೇ ತಲೆಮಾರಿನ ಪ್ರಿಯಸ್‌ನದ್ದು ಸುಮಾರು 1.3 ಕಿಲೋವ್ಯಾಟ್ ಅವರ್ (ಒಂದು ಕಿಲೋವ್ಯಾಟ್ ಅವರ್ ಅಂದ್ರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್). ಅದನ್ನೂ ಪೂರ್ತಿ ಬಳಸಲ್ಲ, ಬಾಳಿಕೆ ಬರಲಿ ಅಂತ ಸುಮಾರು 40ರಿಂದ 80 ಪರ್ಸೆಂಟ್ ನಡುವೆ ಮಾತ್ರ ಆಡಿಸತ್ತೆ. ಅಂದ್ರೆ ನಿಜವಾಗಿ ಕೈಗೆ ಸಿಗೋದು ಅರ್ಧ ಕಿಲೋವ್ಯಾಟ್ ಅವರ್. ಈಗ ಅದೇ 1500 ಕೆಜಿ ಕಾರು 300 ಮೀಟರ್ ಎತ್ತರದಿಂದ ಕೆಳಗಿಳಿದ್ರೆ ಬಿಡುಗಡೆ ಆಗೋ ಶಕ್ತಿ ಸುಮಾರು 1.2 ಕಿಲೋವ್ಯಾಟ್ ಅವರ್. ಟೈರು, ಗಾಳಿ, ಮೋಟರ್ ಇವುಗಳಲ್ಲಿ ಒಂದಷ್ಟು ಹೋದ್ರೂ ಉಳಿದಿದ್ದೇ ಬ್ಯಾಟರಿ ಜಾಗಕ್ಕಿಂತ ಜಾಸ್ತಿ ಆಗಬಹುದು. ದೊಡ್ಡ ಘಾಟಿಗಳು ಇದರ ಎರಡು ಮೂರು ಪಟ್ಟು ಇಳೀತವೆ.

ಬ್ಯಾಟರಿ ತುಂಬಿದ ಮೇಲೆ ಕಂಪ್ಯೂಟರ್ ಮಾಡೋದು ಇಷ್ಟು, ಇಂಜಿನ್‌ಗೆ ಪೆಟ್ರೋಲ್ ಕಟ್ ಮಾಡಿ ಮೋಟರ್‌ನಿಂದ ಅದನ್ನ ಬರೀ ತಿರುಗಿಸತ್ತೆ. ಗಾಳಿ ಎಳೆದು ಒತ್ತೋದರಲ್ಲೇ ಶಕ್ತಿ ಖರ್ಚಾಗಿ ಗಾಡಿ ವೇಗ ಹತೋಟಿಲಿ ಇರತ್ತೆ. ಕೂಗು ಅದರದ್ದೇ. ಲಿವರ್‌ನಲ್ಲಿ ಬಿ ಅಂತ ಇದ್ರೆ ಅದು ಈ ಕೆಲಸವನ್ನ ಇನ್ನೂ ಜೋರಾಗಿ ಮಾಡಿಸತ್ತೆ. ಉದ್ದದ ಕಡಿದಾದ ಇಳಿಜಾರಲ್ಲಿ ಬಿ ಬಳಸಿ ಅಂತ ನಾನು ಒತ್ತಿ ಹೇಳ್ತೀನಿ ಯಾಕಂದ್ರೆ ಬ್ಯಾಟರಿ ತುಂಬಿದ ಮೇಲೆ ಬ್ರೇಕ್ ಒತ್ತಿದಷ್ಟೂ ಭಾರ ಡಿಸ್ಕಿನ ಮೇಲೇ ಬೀಳತ್ತೆ, ಡಿಸ್ಕು ಪ್ಯಾಡು ಅತಿಯಾಗಿ ಕಾದ್ರೆ ಬ್ರೇಕ್ ಹಿಡಿತ ಕಮ್ಮಿ ಆಗತ್ತೆ, ಘಾಟಿಯಲ್ಲಿ ಅದು ಪ್ರಾಣದ ಪ್ರಶ್ನೆ. ಆದ್ರೆ ಸಮತಟ್ಟು ರೋಡಲ್ಲಿ ಬಿ ಹಾಕ್ಕೊಂಡು ಓಡಿಸಬೇಡಿ, ಬ್ಯಾಟರಿಗೆ ಹೋಗಬೇಕಾದ ಶಕ್ತಿ ಅಲ್ಲಿ ಸುಮ್ಮನೆ ಪೋಲಾಗತ್ತೆ.

ಪ್ರಶ್ನೆ: ನಾವು ದಿನಾ ಹೋಗೋ ದಾರಿಯನ್ನ ನಿಜವಾಗಿ ಕಲಿಯೋ ಹೈಬ್ರಿಡ್ ಯಾವುದೂ ಇಲ್ವಾ ಹಾಗಾದ್ರೆ?

ಇದೆ, ನನಗೆ ಬಹಳ ಇಷ್ಟದ ವಿಷಯ ಇದು, ಈಗಿನ ಕೆಲಸ ನಡೀತಿರೋದೇ ಇಲ್ಲಿ. ಮೇಲಿನ ಘಾಟಿ ಉದಾಹರಣೆಯನ್ನೇ ನೋಡಿ. ಮುಂದೆ ದೊಡ್ಡ ಇಳಿಜಾರು ಇದೆ ಅಂತ ಗಾಡಿಗೆ ಮೊದಲೇ ಗೊತ್ತಿದ್ರೆ, ಅದಕ್ಕೆ ಮುಂಚೆ ಬ್ಯಾಟರಿ ಖರ್ಚು ಮಾಡಿ ಜಾಗ ಖಾಲಿ ಇಟ್ಕೊಬಹುದು ಅಲ್ವಾ? ಟೊಯೊಟಾ ಜಪಾನಲ್ಲಿ ನಾಲ್ಕನೇ ತಲೆಮಾರಿನ ಪ್ರಿಯಸ್‌ನಿಂದ ಹೀಗೆ ಮುಂದಾಲೋಚನೆ ಮಾಡೋ ವ್ಯವಸ್ಥೆ ಕೊಡೋಕೆ ಶುರು ಮಾಡ್ತು. ನ್ಯಾವಿಗೇಷನ್ ಮ್ಯಾಪ್ ನೋಡಿ ಇಳಿಜಾರಿಗೆ ತಯಾರಾಗೋದು ಒಂದು ಭಾಗ. ನೀವು ಪದೇ ಪದೇ ಎಲ್ಲಿ ನಿಧಾನ ಮಾಡ್ತೀರಿ, ಎಲ್ಲಿ ನಿಲ್ಲಿಸ್ತೀರಿ ಅಂತ ನೆನಪಿಟ್ಕೊಂಡು ಆ ಜಾಗ ಹತ್ತಿರ ಬಂದಾಗ ಈಗ ಕಾಲು ತೆಗೀರಿ ಅಂತ ಸೂಚನೆ ಕೊಡೋದು ಇನ್ನೊಂದು ಭಾಗ. ಇದು ನಿಜವಾದ ಕಲಿಕೆ. ಆಗಲೂ ಕಾಲು ತೆಗೆಯೋದು ನೀವೇ ಅನ್ನೋದು ಗಮನದಲ್ಲಿರಲಿ.

ಫೋರ್ಡ್‌ನವರು 2013ರ ಮಾಡೆಲ್ ಹೈಬ್ರಿಡ್‌ಗಳಲ್ಲಿ ಇವಿ ಪ್ಲಸ್ ಅಂತ ಒಂದು ಸೌಲಭ್ಯ ಕೊಟ್ಟಿದ್ರು. ಜಿಪಿಎಸ್ ಇಟ್ಕೊಂಡು ನೀವು ಮತ್ತೆ ಮತ್ತೆ ಹೋಗೋ ಜಾಗ ಯಾವುದು ಅಂತ ಗಾಡಿ ಕಲಿಯತ್ತೆ, ಮನೆನೋ ಆಫೀಸೋ ಹತ್ತಿರ ಬಂತು ಅಂದ್ರೆ ಇಂಜಿನ್ ಮತ್ತೆ ಎಬ್ಬಿಸದೆ ಆದಷ್ಟು ಕರೆಂಟಲ್ಲೇ ಒಳಗೆ ಹೋಗತ್ತೆ, ಹೇಗೂ ಇನ್ನೇನು ನಿಲ್ಲಿಸ್ತಾರಲ್ಲ, ಬ್ಯಾಟರಿ ಉಳಿಸಿ ಏನು ಮಾಡೋದು ಅನ್ನೋ ಲೆಕ್ಕ. ಬಿಎಂಡಬ್ಲ್ಯೂ ತನ್ನ ಪ್ಲಗ್ ಇನ್ ಹೈಬ್ರಿಡ್‌ಗಳಿಗೆ (ಹೊರಗಿಂದಲೂ ಚಾರ್ಜ್ ಮಾಡಬಹುದಾದವು) 2020ರಲ್ಲಿ ಯೂರೋಪಿನ ಹಲವು ನಗರಗಳಲ್ಲಿ ಇನ್ನೊಂದು ದಾರಿ ಹಿಡೀತು, ಮಾಲಿನ್ಯ ನಿರ್ಬಂಧ ಇರೋ ವಲಯದೊಳಗೆ ಗಾಡಿ ಹೊಕ್ಕ ತಕ್ಷಣ ತಾನಾಗೇ ಎಲೆಕ್ಟ್ರಿಕ್‌ಗೆ ಬದಲಾಗತ್ತೆ.

ನನ್ನನ್ನ ಎಲ್ಲಕ್ಕಿಂತ ಖುಷಿಪಡಿಸಿದ್ದು ಮಾತ್ರ ನಿಸ್ಸಾನ್ ಕೆಲಸ. ಅವರ ಇ-ಪವರ್ ಗಾಡಿಗಳಲ್ಲಿ ಇಂಜಿನ್ ಚಕ್ರ ತಿರುಗಿಸೋದೇ ಇಲ್ಲ, ಬರೀ ಕರೆಂಟ್ ಹುಟ್ಟಿಸತ್ತೆ, ಹಾಗಾಗಿ ಇಂಜಿನ್ ಯಾವಾಗ ಓಡಬೇಕು ಅನ್ನೋದರಲ್ಲಿ ಸ್ವಾತಂತ್ರ್ಯ ಜಾಸ್ತಿ. 2020ರಲ್ಲಿ ಜಪಾನಲ್ಲಿ ಬಂದ ನೋಟ್ ಕಾರು ಚಕ್ರದ ವೇಗದ ಏರಿಳಿತ ನೋಡಿ ರೋಡು ನುಣುಪಾಗಿದೆಯಾ ಒರಟಾಗಿದೆಯಾ ಅಂತ ಅಂದಾಜು ಮಾಡತ್ತೆ. ಒರಟು ರೋಡಲ್ಲಿ ಟೈರಿನ ಸದ್ದೇ ಜೋರಾಗಿರತ್ತೆ, ಆಗ ಇಂಜಿನ್ ಓಡಿಸಿ ಚಾರ್ಜ್ ಮಾಡ್ಕೊಳ್ಳತ್ತೆ, ನುಣುಪಾದ ರೋಡಿಗೆ ಬಂದಾಗ ಸುಮ್ಮನಿರತ್ತೆ. ಒಳಗೆ ಕೂತವರ ಕಿವಿಗೆ ಇಂಜಿನ್ ಕೇಳಿಸಬಾರದು ಅಂತ ಇಷ್ಟು ಯೋಚನೆ ಮಾಡಿದಾರೆ ನೋಡಿ.

ಪ್ರಶ್ನೆ: ಹೈವೇಯಲ್ಲಿ ಮೈಲೇಜ್ ಸಿಟಿಗಿಂತ ಜಾಸ್ತಿ ಬರಬೇಕಿತ್ತಲ್ವಾ? ನಮ್ಮದು ಉಲ್ಟಾ.

ಹೈಬ್ರಿಡ್‌ಗೆ ಅದೇ ಸಹಜ. 2010ರ ಮಾಡೆಲ್ ಪ್ರಿಯಸ್‌ಗೆ ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೊಟ್ಟ ಅಂಕಿ ಸಿಟಿಗೆ ಗ್ಯಾಲನ್‌ಗೆ 51 ಮೈಲಿ, ಹೈವೇಗೆ 48. ಹೈವೇಲಿ ಬ್ರೇಕ್ ಹಿಡಿಯೋದೇ ಅಪರೂಪ, ವಾಪಸ್ ಪಡೆಯೋಕೆ ಏನಿರತ್ತೆ? ಗಾಳಿಯ ತಡೆ ಬೇರೆ, ಸ್ಪೀಡ್ ದುಪ್ಪಟ್ಟಾದ್ರೆ ಅದು ನಾಲ್ಕು ಪಟ್ಟು. ಒಂದೇ ಸಮ ಹೈಸ್ಪೀಡಲ್ಲಿ ಹೋಗುವಾಗ ಇಂಜಿನ್ ಶಕ್ತಿಯನ್ನ ಕರೆಂಟ್ ಮಾಡಿ ಮತ್ತೆ ಓಟ ಮಾಡೋದರಲ್ಲಿ ನಷ್ಟ ಇದೆ, ಅದಕ್ಕೇ ಹೋಂಡಾದ ಇ:ಎಚ್‌ಇವಿ ಗಾಡಿಗಳು ಸಿಟಿಯಲ್ಲಿ ಬಹುಪಾಲು ಮೋಟರ್‌ನಿಂದಲೇ ಓಡಿ, ಹೈವೇಲಿ ಒಂದು ಕ್ಲಚ್ ಹಾಕಿ ಇಂಜಿನ್ನನ್ನ ನೇರ ಚಕ್ರಕ್ಕೆ ಜೋಡಿಸ್ತವೆ. ನಿಮ್ಮ ಕೈಲಿರೋದು ಸ್ಪೀಡ್ ಮತ್ತೆ ಟೈರಿನ ಗಾಳಿ.

ಪ್ರಶ್ನೆ: ಇಕೋ ಮೋಡಲ್ಲಿ ಹಾಕಿದ್ರೆ ಗಾಡಿ ಎಳೆಯೋದೇ ಇಲ್ಲ ಅನಿಸತ್ತೆ. ಪವರ್ ಮೋಡ್ ಹಾಕ್ಕೊಂಡ್ರೆ ಬ್ಯಾಟರಿ ಹಾಳಾಗತ್ತಾ?

ಹಾಳಾಗಲ್ಲ. ಮೋಡ್ ಬಟನ್ ಮುಖ್ಯವಾಗಿ ಬದಲಾಯಿಸೋದು ನಿಮ್ಮ ಪೆಡಲಿನ ಅರ್ಥವನ್ನ. ಇಕೋದಲ್ಲಿ ಅದೇ ಒತ್ತಿಗೆ ಕಮ್ಮಿ ಶಕ್ತಿ ಕೇಳತ್ತೆ, ಎಸಿಯನ್ನೂ ಸ್ವಲ್ಪ ಹಿಡಿದಿಡತ್ತೆ. ಪವರಲ್ಲಿ ಅದೇ ಒತ್ತಿಗೆ ಜಾಸ್ತಿ ಕೇಳತ್ತೆ. ಪೆಡಲನ್ನ ತಳದವರೆಗೆ ಒತ್ತಿಬಿಟ್ರೆ ಸಾಮಾನ್ಯವಾಗಿ ಎರಡರಲ್ಲೂ ಪೂರ್ತಿ ಶಕ್ತಿ ಸಿಗತ್ತೆ. ಹಗುರ ಕಾಲಿನವರಿಗೆ ಯಾವ ಮೋಡಲ್ಲಾದ್ರೂ ಮೈಲೇಜ್ ಬರತ್ತೆ. ನಿಮಗೆ ಇಕೋದಲ್ಲಿ ಕಿರಿಕಿರಿ ಆಗಿ ಜಾಸ್ತಿ ಒತ್ತುತಿದೀರಿ ಅಂದ್ರೆ ನಾರ್ಮಲಲ್ಲೇ ಓಡಿಸಿ.

ಪ್ರಶ್ನೆ: ಸರ್ವೀಸಲ್ಲಿ 12 ವೋಲ್ಟ್ ಬ್ಯಾಟರಿ ಬದಲಾಯಿಸಿದ್ರು, ಆಮೇಲೆ ಗಾಡಿ ಸ್ವಲ್ಪ ಬೇರೆ ಥರ ಅನಿಸ್ತಿದೆ. ಕಲಿತಿದ್ದೆಲ್ಲ ಮರೆತುಹೋಯ್ತಾ?

ಆ ಸಣ್ಣ 12 ವೋಲ್ಟ್ ಬ್ಯಾಟರಿ ಕಳಚಿದಾಗ ಫ್ಯೂಯೆಲ್ ಟ್ರಿಮ್ ಥರದ ಕೆಲವು ಕಲಿತ ಮೌಲ್ಯಗಳು ಅಳಿಸಿಹೋಗಬಹುದು, ಟ್ರಿಪ್ ಮೀಟರಿನ ಸರಾಸರಿನೂ ಹೋಗಿರಬಹುದು. ಸ್ವಲ್ಪ ದಿನ ಮಾಮೂಲಿ ಓಡಿಸಿದ್ರೆ ಮತ್ತೆ ಸೇರ್ಕೊಳ್ತವೆ, ವಿಶೇಷವಾಗಿ ಏನೂ ಮಾಡಬೇಕಿಲ್ಲ. ವಾರ ಕಳೆದರೂ ಸರಿ ಹೋಗದೆ ಜರ್ಕ್ ಹೊಡೀತಿದ್ರೆ ಅಥವಾ ವಾರ್ನಿಂಗ್ ಲೈಟ್ ಬಂದ್ರೆ ಸ್ಕ್ಯಾನರ್ ಹಾಕಿಸಿ.

ಪ್ರಶ್ನೆ: ಬೇಸಿಗೆ ಬಂದ್ರೆ ನಮ್ಮ ಗಾಡಿ ಇಂಜಿನ್ ಆಫ್ ಆಗೋದೇ ಕಮ್ಮಿ, ಹಿಂದಿನ ಸೀಟಿನ ಹತ್ತಿರ ಫ್ಯಾನ್ ಸದ್ದು ಬರತ್ತೆ. ಗಾಡಿ ಈಗ ಏಳು ವರ್ಷ ಹಳೇದು.

ಎರಡು ಕಾರಣ ಸೇರಿಕೊಂಡಿರಬಹುದು. ಹೈಬ್ರಿಡ್‌ಗಳಲ್ಲಿ ಎಸಿ ಕಂಪ್ರೆಸರ್ ಸಾಮಾನ್ಯವಾಗಿ ಕರೆಂಟಲ್ಲೇ ಓಡೋದು, ಅದಕ್ಕೆ ಇಂಜಿನ್ ಆಫ್ ಇದ್ರೂ ತಣ್ಣನೆ ಗಾಳಿ ಬರತ್ತೆ. ಆದ್ರೆ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಎಸಿ ಒಂದು ಕಿಲೋವ್ಯಾಟ್ ಎಳೆದ್ರೂ ಸಾಕು, ಮೇಲೆ ಹೇಳಿದ ಆ ಅರ್ಧ ಕಿಲೋವ್ಯಾಟ್ ಅವರ್ ಅರ್ಧ ಗಂಟೆಗೆ ಮುಗಿಯತ್ತೆ, ಅಷ್ಟು ಇಳಿಯೋಕೆ ಮುಂಚೆನೇ ಇಂಜಿನ್ ಎದ್ದು ಚಾರ್ಜ್ ಮಾಡತ್ತೆ. ಇದು ಸಹಜ.

ಫ್ಯಾನ್ ಸದ್ದು ಮಾತ್ರ ಗಮನ ಕೊಡಬೇಕಾದ್ದು. ಬಹಳಷ್ಟು ಹೈಬ್ರಿಡ್‌ಗಳು ಒಳಗಿನ ತಣ್ಣನೆ ಗಾಳಿಯನ್ನೇ ಹಿಂದಿನ ಸೀಟಿನ ಪಕ್ಕ ಅಥವಾ ಕೆಳಗಿರೋ ಕಿಂಡಿಯಿಂದ ಎಳೆದು ಬ್ಯಾಟರಿ ತಂಪು ಮಾಡ್ತವೆ. ಬ್ಯಾಟರಿ ಬಿಸಿ ಆದಷ್ಟೂ ಕಂಪ್ಯೂಟರ್ ಫ್ಯಾನ್ ಜೋರು ಮಾಡತ್ತೆ, ಅದಕ್ಕೂ ಬಗ್ಗದಿದ್ರೆ ಬ್ಯಾಟರಿಯಿಂದ ತಗೊಳ್ಳೋದನ್ನೂ ಕೊಡೋದನ್ನೂ ಕಮ್ಮಿ ಮಾಡಿ ಇಂಜಿನ್ ಮೇಲೆ ಭಾರ ಹಾಕತ್ತೆ, ಅಂದ್ರೆ ಬ್ಯಾಟರಿ ಕಾಪಾಡೋಕೆ ನಿಮ್ಮ ಮೈಲೇಜ್ ಬಿಟ್ಟುಕೊಡತ್ತೆ. ಏಳು ವರ್ಷದಲ್ಲಿ ಆ ಕಿಂಡಿಯ ಫಿಲ್ಟರಲ್ಲಿ ಧೂಳು, ಬಟ್ಟೆ ನೂಲು, ಸಾಕುಪ್ರಾಣಿ ಇದ್ರೆ ಅದರ ಕೂದಲು, ಎಲ್ಲ ದಪ್ಪಗೆ ಕೂತಿರೋ ಸಾಧ್ಯತೆ ಜಾಸ್ತಿ. ಮುಂದಿನ ಸರ್ವೀಸಿಗೆ ಕಾಯಬೇಡಿ, ಈ ವಾರವೇ ಆ ಫಿಲ್ಟರ್ ತೆಗೆಸಿ ಕ್ಲೀನ್ ಮಾಡಿಸಿ, ಫ್ಯಾನಿನ ರೆಕ್ಕೆಗೂ ಧೂಳು ಹಿಡಿದಿದ್ರೆ ಅದನ್ನೂ. ಬ್ಯಾಗು, ಜಾಕೆಟ್ಟು, ಮಗುವಿನ ಸೀಟು ಯಾವುದೂ ಆ ಕಿಂಡಿಗೆ ಅಡ್ಡ ಬರದ ಹಾಗೆ ನೋಡ್ಕೊಳ್ಳಿ. ಕ್ಲೀನ್ ಮಾಡಿಸಿದ ಮೇಲೂ ಫ್ಯಾನ್ ಹಾಗೇ ಅರಚ್ತಿದ್ರೆ ಬ್ಯಾಟರಿಯ ಒಂದೊಂದು ಬ್ಲಾಕಿನ ವೋಲ್ಟೇಜ್ ಮತ್ತು ಉಷ್ಣಾಂಶ ಸ್ಕ್ಯಾನರಲ್ಲಿ ಓದಿಸಿ, ಅಂಕಿಗಳನ್ನ ನನಗೆ ಬರೆದು ಕಳಿಸಿ, ನೋಡಿ ಹೇಳ್ತೀನಿ.